ಅಂತರ್ಯುದ್ಧದ ನಾಡಿನಲ್ಲಿ ವಿಡಿಯೋ ಗೇಮ್ ಹೇಗೆ ಕೆಲಸ ಮಾಡುತ್ತದೆ

ಮಂಗಳೂರಿನ ಪಂಪ್‌ವೆಲ್‌ನ ಫ್ಲೈಓವರ್ ಅಡಿಯಲ್ಲಿ ತೊಕ್ಕೊಟ್ಟು, ತಲಪಾಡಿ ಕಡೆಯ ಬಸ್ಸಿಗೆ ಕಾಯುವವರನ್ನು ನೋಡಿ. ಅರ್ಧಕ್ಕರ್ಧ ಜನರ ಕೈಯಲ್ಲಿ ಮೊಬೈಲ್, ಅದರಲ್ಲಿ ಏನಾದರೊಂದು ಆಟ. ಲೂಡೊ, ಕ್ಯಾಂಡಿ ಕ್ರಷ್, ಹುಡುಗರಾದರೆ ಬಿಜಿಎಂಐ ಎಂಬ ಗುಂಡಿನ ಆಟ. ಎಷ್ಟೋ ಆಟಗಳಲ್ಲಿ ಸೋತ ಕೂಡಲೇ ಪರದೆಯ ಮೇಲೆ ಒಂದು ಆಮಿಷ ಬರುತ್ತದೆ: ಅರ್ಧ ನಿಮಿಷದ ಜಾಹೀರಾತು ನೋಡಿದರೆ ಇನ್ನೊಂದು ಜೀವ. ಬಸ್ಸು ಇನ್ನೂ ಕಾಣುತ್ತಿಲ್ಲವಾದ್ದರಿಂದ ಜನ ನೋಡುತ್ತಾರೆ. ಆ ಅರ್ಧ ನಿಮಿಷಕ್ಕೆ ಎಲ್ಲೋ ಒಬ್ಬ ತಯಾರಕನ ಖಾತೆಗೆ ಕೆಲವು ಪೈಸೆ ಜಮೆಯಾಗುತ್ತದೆ.

ಇದೇ ಅರ್ಧ ನಿಮಿಷವನ್ನು ನಮ್ಮ ನೆರೆಯ ಮ್ಯಾನ್ಮಾರ್‌ನಲ್ಲಿ ಸೇನಾಡಳಿತದ ವಿರುದ್ಧದ ಹೋರಾಟಕ್ಕೆ ಹಣ ಎತ್ತಲು ಬಳಸಿದರು. ವಿಡಿಯೋ ಗೇಮ್ ಎಂದರೆ ಮಕ್ಕಳನ್ನು ಹಾಳುಮಾಡುವ ಚಟ ಎಂದಷ್ಟೇ ಮಾತಾಡುವ ನಾವು ಈ ಮಗ್ಗುಲನ್ನೂ ತಿಳಿದುಕೊಳ್ಳಬೇಕು. ಆಟವೊಂದು ರಾಜಕೀಯ ಪ್ರತಿರೋಧಕ್ಕೆ ಒದಗುವುದು ಹೇಗೆ? ಹಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಸರ್ಕಾರವೋ ಕಂಪನಿಯೋ ಅದನ್ನು ತಡೆಯುವುದು ಹೇಗೆ? ಒಂದೊಂದಾಗಿ ನೋಡೋಣ.

ಜಾಹೀರಾತಿನ ಹಣ

2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿತು. ಬೀದಿಗಿಳಿದ ಜನರ ಮೇಲೆ ಗುಂಡು ಹಾರಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಪದಚ್ಯುತ ಜನಪ್ರತಿನಿಧಿಗಳು ಸೇರಿ ರಾಷ್ಟ್ರೀಯ ಐಕ್ಯ ಸರ್ಕಾರ ಎಂಬ ಪರ್ಯಾಯ ಸರ್ಕಾರ ಕಟ್ಟಿದರು. ಮೇ ತಿಂಗಳಲ್ಲಿ ಅದರ ಸಶಸ್ತ್ರ ಅಂಗವಾಗಿ ಜನರಕ್ಷಣಾ ಪಡೆ ಹುಟ್ಟಿತು. ಪಿಡಿಎಫ್ ಎಂಬುದು ಅದರ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ. ದೇಶ ಅಂತರ್ಯುದ್ಧಕ್ಕೆ ಬಿತ್ತು. ಓಡಿಬಂದ ಸಾವಿರಾರು ಕುಟುಂಬಗಳು ಇಂದಿಗೂ ನಮ್ಮ ಮಿಜೋರಾಂನಲ್ಲಿವೆ.

ಹೋರಾಟಕ್ಕೆ ಹಣ ಬೇಕು. ಬ್ಯಾಂಕುಗಳ ಮೇಲೆ ಸೇನೆಯ ಕಣ್ಣು. ದೇಣಿಗೆ ಕೊಟ್ಟವರನ್ನು ಹಿಡಿದು ಜೈಲಿಗಟ್ಟುತ್ತಿದ್ದರು. ಪರ್ಯಾಯ ಸರ್ಕಾರ ಆನ್‌ಲೈನ್ ಲಾಟರಿ ಮಾರಿತು, ಸಾಲಪತ್ರ ಮಾರಿತು. ಇವೆಲ್ಲಕ್ಕೂ ಜನರ ಜೇಬಿನಿಂದ ದುಡ್ಡು ಬರಬೇಕಿತ್ತು. ಕೆಲಸ ಕಳೆದುಕೊಂಡವನ ಜೇಬಿನಲ್ಲಿ ಏನಿದ್ದೀತು? ಅವನಲ್ಲಿ ಉಳಿದದ್ದು ಮೊಬೈಲು ಮತ್ತು ಸಮಯ. ಹಾಗಾಗಿ ಜಾಹೀರಾತು ನೋಡುವುದು, ಕ್ಲಿಕ್ ಮಾಡುವುದೇ ದೇಣಿಗೆಯ ಒಂದು ದಾರಿಯಾಯಿತು. ಆ ದಾರಿಯಲ್ಲೇ 2022ರಲ್ಲಿ ‘ದ ಪಿಡಿಎಫ್ ಗೇಮ್’ ಬಂತು. ಕೊ ಟೂಟ್ ಎಂಬ ಮರೆಹೆಸರಿನ ತಂತ್ರಜ್ಞ ಅದರ ತಯಾರಕ. ಆಡುವವನು ಪಿಡಿಎಫ್ ಯೋಧನಾಗಿ ಸೇನೆಯ ವಿರುದ್ಧ ಕಾದುತ್ತಾನೆ. ನಡುನಡುವೆ ಜಾಹೀರಾತು ಬರುತ್ತದೆ. ಅದರ ಆದಾಯ ಹೋರಾಟಗಾರರಿಗೂ ಮನೆಮಠ ಕಳೆದುಕೊಂಡವರಿಗೂ ಹೋಗುತ್ತದೆ. ಹೀಗೆ ಲಕ್ಷಾಂತರ ಡಾಲರ್ ಕೂಡಿತು ಎಂದು ತಯಾರಕರು ಹೇಳಿಕೊಂಡಿದ್ದಾರೆ.

ಇದರ ಒಳಗಿನ ಯಂತ್ರ ಇಷ್ಟು. ತಯಾರಕ ತನ್ನ ಆಟದೊಳಗೆ ಗೂಗಲ್‌ನ ಆಡ್‌ಮಾಬ್‌ನಂಥ ಜಾಹೀರಾತು ಜಾಲದ ಸಣ್ಣ ತುಣುಕೊಂದನ್ನು ಸೇರಿಸುತ್ತಾನೆ. ನೀವು ಜಾಹೀರಾತಿನ ಗುಂಡಿ ಒತ್ತಿದಾಗ ಆ ತುಣುಕು ಜಾಲಕ್ಕೆ ಸುದ್ದಿ ಮುಟ್ಟಿಸುತ್ತದೆ: ಇಂಥ ದೇಶದಲ್ಲಿ, ಇಂಥ ಮೊಬೈಲ್‌ನಲ್ಲಿ ಒಬ್ಬ ನೋಡುಗ ಇದ್ದಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲೊಂದು ಹರಾಜು ನಡೆಯುತ್ತದೆ. ಹೆಚ್ಚು ಬೆಲೆ ಕೂಗಿದ ಕಂಪನಿಯ ಜಾಹೀರಾತು ನಿಮ್ಮ ಪರದೆಗೆ ಬರುತ್ತದೆ. ಬೆಲೆಯನ್ನು ಸಾವಿರ ವೀಕ್ಷಣೆಗೆ ಇಂತಿಷ್ಟು ಎಂದು ಲೆಕ್ಕ ಹಾಕುತ್ತಾರೆ. ಜಾಲ ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ತಿಂಗಳ ಲೆಕ್ಕದಲ್ಲಿ ತಯಾರಕನಿಗೆ ಕೊಡುತ್ತದೆ. ಅಮೆರಿಕದಲ್ಲಿ ಕೂತು ನೋಡಿದವನ ಒಂದು ವೀಕ್ಷಣೆಗೆ ಸಿಗುವ ಬೆಲೆ ಭಾರತದ ಅಥವಾ ಮ್ಯಾನ್ಮಾರ್‌ನ ವೀಕ್ಷಣೆಗೆ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇಂಥ ಆಟಕ್ಕೆ ವಿದೇಶದಲ್ಲಿ ನೆಲೆಸಿದ ಸ್ವದೇಶಿಗರು ಬಹಳ ಮುಖ್ಯವಾಗುವುದು ಇದೇ ಕಾರಣಕ್ಕೆ.

ಸೋಪಿನ ಕಂಪನಿಯೋ ಸಾಲದ ಆ್ಯಪ್ಪೋ ಕೊಟ್ಟ ಹಣ ಕೊಟ್ಟವರಿಗೇ ತಿಳಿಯದಂತೆ ಒಂದು ದಂಗೆಗೆ ಹೋಗುತ್ತದೆ. ನೋಡಿದವನ ಕಿಸೆಯಿಂದ ಹೋದದ್ದು ಸಮಯ ಮತ್ತು ಒಂದಿಷ್ಟು ಡೇಟಾ. ಬ್ಯಾಂಕಿನಲ್ಲಿ ಅವನ ಹೆಸರಿನ ವ್ಯವಹಾರವೇ ಇಲ್ಲ. ಈ ಉಪಾಯದ ಶಕ್ತಿ ಇದು. ದೌರ್ಬಲ್ಯವೂ ಇದರಲ್ಲೇ ಇದೆ: ತಾನು ನೋಡಿದ ಜಾಹೀರಾತಿನ ಹಣ ನಿರಾಶ್ರಿತರ ಅಕ್ಕಿಗೆ ಹೋಯಿತೋ, ಬಂದೂಕಿಗೆ ಹೋಯಿತೋ, ಯಾರದೋ ಮನೆಗೆ ಹೋಯಿತೋ ನೋಡಿದವನಿಗೆ ಗೊತ್ತಾಗುವ ದಾರಿಯಿಲ್ಲ. ಮರೆಹೆಸರಿನಲ್ಲಿ ಬದುಕಬೇಕಾದವನು ಬಹಿರಂಗವಾಗಿ ಲೆಕ್ಕಪತ್ರ ಒಪ್ಪಿಸುವುದು ಕಷ್ಟವೆಂಬುದು ನಿಜ. ಆದರೂ ಲೆಕ್ಕವಿಲ್ಲದ ಹಣವನ್ನು ನಂಬಿಕೆಯ ಮೇಲೆ ಕೊಡಿ ಎಂದು ಜನರನ್ನು ಕೇಳುವುದು ಸಣ್ಣ ಮಾತಲ್ಲ. ಮ್ಯಾನ್ಮಾರ್‌ನ ಜನರ ಮೇಲಿನ ಮರುಕದಿಂದ ಈ ಪ್ರಶ್ನೆಯನ್ನು ನುಂಗಿಕೊಳ್ಳಬಾರದು ಎಂದೇ ನಾನು ತಿಳಿದಿದ್ದೇನೆ.

ಆಡುವವನಿಗೆ ಅಪಾಯವಿಲ್ಲವೆಂದೂ ಅಲ್ಲ. ಅಲ್ಲಿನ ತಪಾಸಣಾ ಠಾಣೆಗಳಲ್ಲಿ ಸೈನಿಕರು ಮೊಬೈಲ್ ಕಿತ್ತು ನೋಡುತ್ತಾರೆ. ನಿರ್ಬಂಧ ದಾಟುವ ವಿಪಿಎನ್ ಇದ್ದರೂ ಸಾಕು, ಹಣ ಸುಲಿಯುವುದೋ ಹಿಡಿದೊಯ್ಯುವುದೋ ಉಂಟು. ಮನೆಯಿಂದ ಹೊರಡುವಾಗ ಆ್ಯಪ್ ಅಳಿಸಿ, ಮರಳಿ ಬಂದು ಹಾಕಿಕೊಳ್ಳುವುದು ಅಂಥ ಊರುಗಳಲ್ಲಿ ದಿನಚರಿಯ ಭಾಗವಾಗಿಬಿಡುತ್ತದೆ.

ಆಟದ ನಿಯಮವೇ ಮಾತು

ಹಣದ ದಾರಿ ಕುತೂಹಲದ್ದು. ಆದರೆ ಆಟಕ್ಕೆ ಇದಕ್ಕಿಂತ ದೊಡ್ಡ ಶಕ್ತಿಯಿದೆ, ಅದು ಇರುವುದು ನಿಯಮದಲ್ಲಿ. ಪುಸ್ತಕ ಹೇಳುತ್ತದೆ, ಸಿನಿಮಾ ತೋರಿಸುತ್ತದೆ. ಆಟ ನಿಮ್ಮಿಂದ ಮಾಡಿಸುತ್ತದೆ. ಅಮೆರಿಕದ ವಿದ್ವಾಂಸ ಇಯಾನ್ ಬೊಗೊಸ್ಟ್ 2007ರಲ್ಲಿ ಒಂದಿಡೀ ಪುಸ್ತಕವನ್ನೇ ಈ ವಿಷಯಕ್ಕೆ ಮೀಸಲಿಟ್ಟರು. ಆಟದಲ್ಲಿ ವಾದ ಮಂಡಿಸುವುದು ಸಂಭಾಷಣೆಯೂ ಅಲ್ಲ, ಚಿತ್ರವೂ ಅಲ್ಲ, ನಿಯಮಗಳು ಎಂಬುದು ಅವರ ಮಾತಿನ ತಿರುಳು.

ಇದಕ್ಕೆ ಅತ್ಯುತ್ತಮ ಉದಾಹರಣೆ ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’. ಬೋಸ್ನಿಯಾದ ಅಂತರ್ಯುದ್ಧದಲ್ಲಿ ಸರಾಯೆವೊ ನಗರ 1992ರಿಂದ 1996ರವರೆಗೆ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿತ್ತು. ಆ ಅನುಭವಗಳೇ ಈ ಆಟಕ್ಕೆ ಪ್ರೇರಣೆ. ಯುದ್ಧದ ಆಟವಾದರೂ ನೀವು ಇಲ್ಲಿ ಸೈನಿಕನಲ್ಲ. ಮುರಿದ ಮನೆಯೊಂದರಲ್ಲಿ ಅಡಗಿರುವ ಕೆಲವು ನಾಗರಿಕರು. ಹಗಲು ಹೊರಬಂದರೆ ಗುಂಡು ಬೀಳುತ್ತದೆ, ಹಾಗಾಗಿ ಒಲೆ ಕಟ್ಟುವುದು, ನೀರು ಹಿಡಿಯುವುದು. ರಾತ್ರಿ ಒಬ್ಬರು ಹೊರಗೆ ಹೋಗಿ ಅನ್ನ, ಔಷಧ ಹುಡುಕುವುದು. ಒಂದು ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ, ಅವರ ಕಪಾಟಿನಲ್ಲಿ ಔಷಧವಿದೆ. ನಿಮ್ಮವನೊಬ್ಬ ಜ್ವರದಲ್ಲಿ ಮಲಗಿದ್ದಾನೆ. ಕದಿಯುತ್ತೀರಾ? ಆಟ ಉಪದೇಶ ಮಾಡುವುದಿಲ್ಲ. ಕದ್ದರೆ ಕದ್ದವನು ಮಾರನೆಯ ದಿನ ಕುಗ್ಗಿಹೋಗುತ್ತಾನೆ, ಕೆಲಸ ಮಾಡುವುದಿಲ್ಲ. ಆ ಮುದುಕರ ಮನೆಗೆ ಇನ್ನೊಮ್ಮೆ ಹೋದರೆ ಏನು ಕಾಣುತ್ತದೆ ಎಂದು ನಾನು ಇಲ್ಲಿ ಹೇಳುವುದಿಲ್ಲ, ಆಡಿಯೇ ತಿಳಿಯಬೇಕು. 2020ರಲ್ಲಿ ಪೋಲೆಂಡ್ ಸರ್ಕಾರ ಈ ಆಟವನ್ನು ಶಾಲಾ ಮಕ್ಕಳ ಶಿಫಾರಸು ಪಠ್ಯಗಳ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. 2022ರಲ್ಲಿ ಉಕ್ರೇನ್ ಮೇಲೆ ದಾಳಿಯಾದಾಗ ತಯಾರಕರು ಒಂದು ವಾರದ ಮಾರಾಟದ ಹಣವನ್ನು ಉಕ್ರೇನಿನ ರೆಡ್‌ಕ್ರಾಸ್‌ಗೆ ಕೊಟ್ಟರು. ಎಂಟು ಲಕ್ಷ ಡಾಲರ್‌ಗೂ ಹೆಚ್ಚು, ಅದೂ ಯಾರಿಗೆ ಎಂದು ಮೊದಲೇ ಸಾರಿ.

ಯುದ್ಧವನ್ನು ಉಂಡವರೇ ಮಾಡಿದ ಆಟಗಳ ತೂಕ ಬೇರೆ. ಸಿರಿಯಾದ ಅಬ್ದುಲ್ಲಾ ಕರಾಮ್ ತಾನು 2014ರಲ್ಲಿ ದೇಶ ಬಿಟ್ಟು ಓಡಿದ ಕಥೆಯನ್ನು ವಿಯೆನ್ನಾದ ಒಂದು ತಂಡದ ಜೊತೆ ಸೇರಿ ‘ಪಾಥ್ ಔಟ್’ ಎಂಬ ಆಟವಾಗಿಸಿದರು. ಆಡುವಾಗ ಪರದೆಯ ಮೂಲೆಯಲ್ಲಿ ಸ್ವತಃ ಅವರೇ ಕಾಣಿಸಿಕೊಳ್ಳುತ್ತಾರೆ. ನೀವು ತಪ್ಪು ದಾರಿ ಹಿಡಿದು ಪಾತ್ರ ಸತ್ತರೆ, ನನ್ನನ್ನು ಕೊಂದೆಯಲ್ಲ ಎಂಬಂತೆ ತಮಾಷೆಯಾಗಿ ಮಾತಾಡುತ್ತಾರೆ. ಬದುಕಿ ಬಂದವನು ನಗುತ್ತ ಹೇಳಿದರೂ ಆಡುವವನ ಬೆರಳು ತಡೆಯುತ್ತದೆ. ದಕ್ಷಿಣ ಸುಡಾನಿನ ಲುವಾಲ್ ಮಾಯೆನ್ ಅವರದು ಇನ್ನೂ ಕಠಿಣ ದಾರಿ. ಕುಟುಂಬ ಅಂತರ್ಯುದ್ಧದಿಂದ ಓಡುವಾಗಲೇ ಹುಟ್ಟಿದವರು, ಉಗಾಂಡದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವರು. ತಾಯಿ ವರ್ಷಗಟ್ಟಲೆ ಕೂಡಿಟ್ಟ 300 ಡಾಲರ್‌ನಲ್ಲಿ ಲ್ಯಾಪ್‌ಟಾಪ್ ಕೊಡಿಸಿದರು. ಅದನ್ನು ಚಾರ್ಜ್ ಮಾಡಲು ಮೂರು ಗಂಟೆ ನಡೆಯಬೇಕಿತ್ತು. ಆ ಲ್ಯಾಪ್‌ಟಾಪಿನಲ್ಲಿ ಮಾಡಿದ ‘ಸಲಾಂ’ ಆಟದಲ್ಲಿ ನೀವು ಓಡುವ ನಿರಾಶ್ರಿತ. ದಾರಿಯಲ್ಲಿ ನೀರು, ಆಹಾರ ಸಿಗದಿದ್ದರೆ ಮುಂದೆ ಸಾಗಲಾಗದು. ಓಡುವ ಆಟಗಳು ನಮ್ಮ ಮೊಬೈಲುಗಳಲ್ಲಿ ನೂರಾರಿವೆ. ಓಟದ ಕಾರಣವೊಂದನ್ನು ಬದಲಿಸಿದ್ದಕ್ಕೇ ಆಟದ ಅರ್ಥ ಪೂರ್ತಿ ಬದಲಾಯಿತು.

ಬಿಕರ್ನಕಟ್ಟೆಯ ಕಥೆಯನ್ನು ಆಟವಾಗಿಸಿದರೆ

ಈ ನಿಯಮದ ಮಾತು ಇನ್ನಷ್ಟು ತಿಳಿಯಾಗಲು ಪಂಪ್‌ವೆಲ್‌ನಿಂದ ಸ್ವಲ್ಪವೇ ದೂರದ ಬಿಕರ್ನಕಟ್ಟೆಯ ಕಥೆಯನ್ನು ತೆಗೆದುಕೊಳ್ಳುತ್ತೇನೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತು. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ರೈತ ಬೆಳೆದ ಬೆಳೆಯಲ್ಲೇ ಕಂದಾಯ ಸಲ್ಲುತ್ತಿತ್ತು. ಕಂಪನಿ ನಾಣ್ಯದಲ್ಲೇ ಕೊಡಬೇಕೆಂದಿತು. 1837ರಲ್ಲಿ ರೈತರು ಎದ್ದರು. ದಂಗೆಯ ಮುಂದಾಳು ಕಲ್ಯಾಣಪ್ಪನ ಹೆಸರಿನಿಂದ ಜನ ಅದನ್ನು ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆದರು. ಏಪ್ರಿಲ್ 5ರಂದು ದಂಗೆಯವರು ಮಂಗಳೂರನ್ನು ಹಿಡಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಸೈನ್ಯ ಬಂತು, ಮುಂದಾಳುಗಳು ಸೆರೆಸಿಕ್ಕರು, ಕಲ್ಯಾಣಪ್ಪನನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ದಂಗೆಯ ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರ ನವೆಂಬರ್‌ನಲ್ಲಿ ಅನಾವರಣಗೊಂಡಿತು.

ಇದನ್ನು ಕತ್ತಿ ಝಳಪಿಸುವ ಆಟವಾಗಿ ಮಾಡುವುದು ಸುಲಭ. ಅಂಥದ್ದರಿಂದ ಆಡಿದವನಿಗೆ ಏನೂ ತಿಳಿಯುವುದಿಲ್ಲ. ನಿಯಮದಿಂದ ಹೇಳುವುದಾದರೆ ಹೀಗೆ: ನೀವು ಸುಳ್ಯದ ಒಬ್ಬ ರೈತ. ಮೊದಲ ಎರಡು ಸುಗ್ಗಿಯಲ್ಲಿ ಭತ್ತದಲ್ಲೇ ಕಂದಾಯ ಕೊಡುತ್ತೀರಿ, ಮನೆ ಸರಿಯಾಗಿ ನಡೆಯುತ್ತದೆ. ಮೂರನೆಯ ಸುಗ್ಗಿಗೆ ಒಂದೇ ಒಂದು ನಿಯಮ ಬದಲಾಗುತ್ತದೆ, ಕಂದಾಯ ನಾಣ್ಯದಲ್ಲಿ. ಬೆಳೆ ಅಷ್ಟೇ, ಮಳೆ ಅಷ್ಟೇ. ಆದರೆ ಎಲ್ಲರೂ ಒಂದೇ ವಾರ ಭತ್ತ ಮಾರಲು ಹೊರಡುವುದರಿಂದ ಬೆಲೆ ಬೀಳುತ್ತದೆ. ಸಾಲ ಕೊಡುವವನ ಬಳಿ ಹೋಗುತ್ತೀರಿ. ಮರುವರ್ಷ ಬಡ್ಡಿಯೂ ಸೇರುತ್ತದೆ. ಎಷ್ಟು ಜಾಣತನದಿಂದ ಆಡಿದರೂ ಐದನೆಯ ಸುಗ್ಗಿಗೆ ಗದ್ದೆ ಹೋಗುತ್ತದೆ. ಆಗ ಆಡುವವನಿಗೇ ಅನ್ನಿಸುತ್ತದೆ, ಇದು ನನ್ನ ತಪ್ಪಲ್ಲ, ನಿಯಮವೇ ಅನ್ಯಾಯದ್ದು. ರೈತ ಯಾಕೆ ಎದ್ದ ಎಂಬುದಕ್ಕೆ ಭಾಷಣವೇ ಬೇಡ.

ಇದರಲ್ಲಿ ಇನ್ನೊಂದು ಪದರವಿದೆ. ದಂಗೆಯನ್ನು ಅಡಗಿಸುವಲ್ಲಿ ಕೊಡಗಿನ ಕೆಲವು ದಿವಾನರು ಕಂಪನಿಯ ಪರ ನಿಂತರು. ನಿನ್ನೆವರೆಗೆ ಒಂದೇ ಅರಸನ ಪ್ರಜೆಗಳಾಗಿದ್ದವರು ಎರಡು ಕಡೆ ಹಂಚಿಹೋದರು. ಅಂತರ್ಯುದ್ಧದ ನಿಜವಾದ ನೋವು ಇಲ್ಲಿದೆ: ಎದುರಿಗಿರುವವನು ಪರದೇಶಿಯಲ್ಲ, ನೆಂಟನೂ ಆಗಿರಬಹುದು. ಇಬ್ಬರ ಪಾತ್ರವನ್ನೂ ಆಡಿಸುವ ಆಟವೇ ಪ್ರಾಮಾಣಿಕ ಆಟ. ಒಂದೇ ಕಡೆಯವರನ್ನು ದೇವರು ಮಾಡಿ ಇನ್ನೊಂದು ಕಡೆಯವರನ್ನು ಗುರಿಹಲಗೆ ಮಾಡಿದರೆ ಅದು ಪ್ರಚಾರ. ಪ್ರಚಾರದ ಆಟಗಳಿಗೇನೂ ಕೊರತೆಯಿಲ್ಲ. ಅಮೆರಿಕದ ಸೇನೆ ನೇಮಕಾತಿಗೆಂದು 2002ರಲ್ಲಿ ‘ಅಮೆರಿಕಾಸ್ ಆರ್ಮಿ’ ಬಿಟ್ಟಿತು, ಮರುವರ್ಷ ಲೆಬನಾನಿನ ಹಿಜ್ಬುಲ್ಲಾ ತನ್ನದೇ ಆಟ ತಂದಿತು. ತಂತ್ರ ಒಂದೇ, ಕೈ ಬೇರೆ.

ಬಂದೂಕು ಹಿಡಿಯದ ಹೋರಾಟವನ್ನು ಕಲಿಸುವ ಆಟವೂ ಇದೆ. ಸರ್ಬಿಯಾದಲ್ಲಿ 2000ದಲ್ಲಿ ಅಧ್ಯಕ್ಷ ಮಿಲೊಸೆವಿಚ್‌ನನ್ನು ಇಳಿಸಿದ ಒತ್‌ಪೋರ್ ಎಂಬ ಯುವ ಚಳವಳಿಯ ಇವಾನ್ ಮಾರೊವಿಚ್ ಸಲಹೆಯಲ್ಲಿ 2006ರಲ್ಲಿ ‘ಎ ಫೋರ್ಸ್ ಮೋರ್ ಪವರ್‌ಫುಲ್’ ಬಂತು. ಮುಷ್ಕರ ಯಾವಾಗ ಹೂಡಬೇಕು, ಕರಪತ್ರಕ್ಕೆ ಹಣ ಹೊಂದಿಸುವುದು ಹೇಗೆ, ಪೊಲೀಸರಲ್ಲಿ ಯಾರ ಮನಸ್ಸು ಒಲಿಸಬಹುದು ಎಂದು ಲೆಕ್ಕ ಹಾಕಿಸುವ ಆಟ ಅದು. ಗಾಂಧಿಯ ನಾಡಿನಲ್ಲಿ ಇದರ ಹೆಸರು ಕೇಳಿದವರು ಎಷ್ಟು ಕಡಿಮೆ!

ಸುದ್ದಿಯನ್ನು ಆಟದೊಳಗೆ ಅಡಗಿಸುವುದು

ಪತ್ರಿಕೆಯನ್ನು ತಡೆದ ಸರ್ಕಾರ ಎಷ್ಟೋ ಸಲ ಆಟದ ಸರ್ವರನ್ನು ತಡೆದಿರುವುದಿಲ್ಲ. ಈ ಸಂದಿಯಲ್ಲಿ ಗಡಿಯಿಲ್ಲದ ವರದಿಗಾರರು ಎಂಬ ಸಂಸ್ಥೆ 2020ರ ಮಾರ್ಚ್ 12ರಂದು ಮೈನ್‌ಕ್ರಾಫ್ಟ್ ಆಟದೊಳಗೆ ದೊಡ್ಡ ಗ್ರಂಥಾಲಯವೊಂದನ್ನು ತೆರೆಯಿತು. ಸೌದಿ ಅರೇಬಿಯಾ, ಈಜಿಪ್ಟ್, ರಷ್ಯಾ, ವಿಯೆಟ್ನಾಂ, ಮೆಕ್ಸಿಕೊಗಳಿಗೆ ಒಂದೊಂದು ಕೋಣೆ. ಕೊಲೆಯಾದ ಸೌದಿ ಪತ್ರಕರ್ತ ಜಮಾಲ್ ಖಶೋಗಿಯವರ ಬರಹಗಳೂ ಅಲ್ಲಿವೆ. ಇಡೀ ಕಟ್ಟಡವನ್ನು ಇಳಿಸಿಕೊಂಡು ಯಾರು ಬೇಕಾದರೂ ತಮ್ಮಲ್ಲಿ ಮತ್ತೆ ನಿಲ್ಲಿಸಬಹುದು. ಹಾಗಾಗಿ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಉಳಿಯುತ್ತದೆ. 2023ರ ಮೇ 3ರಂದು ಫಿನ್ಲೆಂಡಿನ ‘ಹೆಲ್ಸಿಂಗಿನ್ ಸನೊಮಾತ್’ ಪತ್ರಿಕೆ ಕೌಂಟರ್ ಸ್ಟ್ರೈಕ್ ಆಟದ ಒಂದು ನಕ್ಷೆಯಲ್ಲಿ ಗುಪ್ತ ಕೋಣೆ ಮಾಡಿ, ಉಕ್ರೇನ್ ಯುದ್ಧದ ವರದಿಗಳನ್ನು ರಷ್ಯನ್ ಆಟಗಾರರಿಗಾಗಿ ಇಟ್ಟಿತು.

ಇದಕ್ಕೆಲ್ಲ ಇಂಟರ್ನೆಟ್ ಬೇಕು. ನೆಟ್ ಕಡಿದರೆ ಎಲ್ಲ ನಿಲ್ಲುತ್ತದೆ. ನೆಟ್ ಕಡಿಯುವುದು ದೂರದ ದೇಶಗಳ ಮಾತಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪ್ರತಿಭಟನೆಯ ವೇಳೆ ನಡೆದ ಪೊಲೀಸ್ ಗೋಲಿಬಾರಿನ ನಂತರ ದಕ್ಷಿಣ ಕನ್ನಡದಲ್ಲಿ ಎರಡು ದಿನ ಮೊಬೈಲ್ ಇಂಟರ್ನೆಟ್ ಇರಲಿಲ್ಲ. ಅಂಥ ದಿನಗಳಲ್ಲಿ ಉಳಿಯುವುದು ನೆಟ್ ಇಲ್ಲದೆಯೂ ಓಡುವ, ಒಂದು ಫೋನಿನಿಂದ ಇನ್ನೊಂದಕ್ಕೆ ಬ್ಲೂಟೂತ್‌ನಲ್ಲಿ ದಾಟಿಸಬಹುದಾದ ಸಣ್ಣ ಆಟ ಮಾತ್ರ. ಆದರೆ ಅಂಥ ಆಟಕ್ಕೆ ಜಾಹೀರಾತಿನ ಹಣ ಬರುವುದಿಲ್ಲ. ಹಣ ಬೇಕೋ, ಸುದ್ದಿ ಮುಟ್ಟಬೇಕೋ ಎಂಬುದನ್ನು ತಯಾರಕ ಮೊದಲೇ ತೀರ್ಮಾನಿಸಬೇಕು.

ತಡೆಯುವವರು ಯಾರು

ಹಿಂದೆ ನಾಟಕ ಆಡಬೇಕಾದರೆ ಕಲೆಕ್ಟರರ ಕಡೆ ನೋಡಬೇಕಿತ್ತು. ಬ್ರಿಟಿಷರು 1876ರಲ್ಲಿ ಮಾಡಿದ ನಾಟಕ ಪ್ರದರ್ಶನ ಕಾಯ್ದೆಯನ್ನು ಕೇಂದ್ರ ಸರ್ಕಾರ 2018ರಲ್ಲಷ್ಟೇ ಕಡತದಿಂದ ಕಿತ್ತಿತು. ಈಗಿನ ಮೊಬೈಲ್ ಆಟಗಳ ಬಾಗಿಲಲ್ಲಿ ನಿಂತಿರುವವರು ಎರಡು ಖಾಸಗಿ ಕಂಪನಿಗಳು, ಗೂಗಲ್ ಮತ್ತು ಆ್ಯಪಲ್. ಸಿರಿಯಾ ಯುದ್ಧದ ಮೇಲೆ ಬ್ರಿಟನ್ನಿನಲ್ಲಿ ತಯಾರಾದ ‘ಎಂಡ್‌ಗೇಮ್: ಸಿರಿಯಾ’ವನ್ನು ಆ್ಯಪಲ್ 2013ರಲ್ಲಿ ತಿರಸ್ಕರಿಸಿತು. ನಿಜವಾದ ಸರ್ಕಾರವನ್ನು ಶತ್ರುವಾಗಿ ತೋರಿಸಬಾರದೆಂಬ ನಿಯಮ ಅದಕ್ಕೆ ಅಡ್ಡ ಬಂತು. ತಯಾರಕರು ದೇಶದ ಹೆಸರನ್ನೇ ತೆಗೆದು ಕಲ್ಪಿತ ನಾಡಿನ ಕಥೆಯಾಗಿ ಹೊರತರಬೇಕಾಯಿತು. ಪ್ಯಾಲೆಸ್ತೀನಿನ ನಬ್ಲುಸ್‌ನ ರಶೀದ್ ಅಬು ಈದೆ 2016ರಲ್ಲಿ ಮಾಡಿದ ‘ಲೈಲಾ’ ಗಾಜಾದ ಒಂದು ಕುಟುಂಬದ ಕಥೆ. ಇದು ಆಟವೇ ಅಲ್ಲ, ಸುದ್ದಿಯ ವಿಭಾಗದಲ್ಲಿ ಹಾಕಿಕೊಳ್ಳಿ ಎಂದಿತು ಆ್ಯಪಲ್. ಜನ ಪ್ರತಿಭಟಿಸಿದ ಮೇಲೆ ಒಪ್ಪಿಕೊಂಡಿತು. ಪಿಡಿಎಫ್ ಆಟವನ್ನೂ ಗೂಗಲ್ ಒಮ್ಮೆ ಪ್ಲೇಸ್ಟೋರ್‌ನಿಂದ ತೆಗೆದಿತ್ತು. ‘ವಾರ್ ಆಫ್ ಹೀರೋಸ್’ ಎಂಬ ಹೆಸರು ಹೊತ್ತು ಅದು ಮರಳಿ ಬಂತು. ಗುಂಡು ಹೊಡೆಯುವ ಸಾವಿರ ಆಟಗಳಿಗಿಲ್ಲದ ತಡೆ, ನಿಜದ ನೋವನ್ನು ಹೆಸರಿಟ್ಟು ಹೇಳಿದ ಆಟಕ್ಕೆ ಬರುತ್ತದೆ. ಇದು ಅನ್ಯಾಯ.

ನಮ್ಮಲ್ಲಿ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಆ್ಯಪ್ ತಡೆಯುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಹೋದದ್ದು ಹೀಗೆ. ಆದೇಶ ಹೊರಟರೆ ಆಟ ಅಂಗಡಿಯಿಂದ ಮಾಯವಾಗುತ್ತದೆ. ಆಗ ಜನ ಆ್ಯಪ್ ಸ್ಥಾಪಿಸುವ ಎಪಿಕೆ ಫೈಲನ್ನು ಎಲ್ಲಿಂದಲೋ ಇಳಿಸಿಕೊಳ್ಳುತ್ತಾರೆ. ಇಲ್ಲಿ ಎಚ್ಚರ ಬೇಕು. ಆರ್‌ಟಿಒ ದಂಡದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಒತ್ತಿ ಬ್ಯಾಂಕ್ ಖಾತೆ ಖಾಲಿಯಾದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಹೋರಾಟದ ಆಟ ಎಂಬ ಹೆಸರಿನಲ್ಲೂ ಅದೇ ಮೋಸ ನಡೆಯಬಹುದು. ಆಟಕ್ಕೆ ನಿಮ್ಮ ಎಸ್‌ಎಂಎಸ್, ಸಂಪರ್ಕಗಳ ಪಟ್ಟಿ ಓದುವ ಅನುಮತಿ ಬೇಕಾಗಿಲ್ಲ, ಕೇಳಿದರೆ ತೆಗೆದುಹಾಕಿ. ಯಾವ ಗುಂಪಿಗೆ ಹಣ ಹೋಗುತ್ತದೆ ಎಂದು ಸ್ಪಷ್ಟವಾಗಿ ಹೇಳದ ಆಟದಲ್ಲಿ ಜಾಹೀರಾತನ್ನೂ ನೋಡಬೇಡಿ.

ತಡೆ, ಮೋಸ ಎರಡೂ ಇದ್ದರೂ ನಮ್ಮ ಕರಾವಳಿಯಲ್ಲಿ ಆಟ ಮಾಡುವ ಕೈಗಳಿವೆ. ಉಡುಪಿಯ ರೋಬೋಸಾಫ್ಟ್ 1996ರಿಂದ ಇದೆ. ಅಲ್ಲಿಂದ ಕವಲೊಡೆದ 99ಗೇಮ್ಸ್ ‘ಸ್ಟಾರ್ ಶೆಫ್’ನಂಥ ಆಟವನ್ನು ಉಡುಪಿಯಲ್ಲಿ ಕೂತೇ ಜಗತ್ತಿಗೆ ಮುಟ್ಟಿಸಿತು. ಗೋಡೋ ಎಂಬ ಆಟ ತಯಾರಿಸುವ ತಂತ್ರಾಂಶ ಪೂರ್ತಿ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಮೊದಲು ‘ಲೈಲಾ’ ಆಡಿ ನೋಡಿ. ಉಚಿತ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಸುಳ್ಯದ ಆ ರೈತನ ಐದು ಸುಗ್ಗಿಗಳನ್ನು ಕನ್ನಡದಲ್ಲಿ, ತುಳುವಿನಲ್ಲಿ, ಅರೆಭಾಷೆಯಲ್ಲಿ ಆಟವಾಗಿ ಮಾಡಿ.